ಹಳೆಯ ರೂಟರಿಗೆ ಅನ್ಯ ಫರ್ಮ್‌ವೇರ್

ಕಡಕೊಳದ ನಮ್ಮ ಉದ್ಯಮಿಗಳಲ್ಲಿ ಜಿಎಸ್‌ಟಿ ರಿಟರ್ನನ್ನೂ ಬ್ಯಾಂಕ್ ವ್ಯವಹಾರವನ್ನೂ ರಾತ್ರಿ ಮನೆಯ ವೈರ್‌ಲೆಸ್ ರೂಟರಿನ ಮೂಲಕವೇ ಮುಗಿಸುವವರುಂಟು. ತಯಾರಕರು ಭದ್ರತಾ ಪರಿಷ್ಕರಣೆಯನ್ನು ನಿಲ್ಲಿಸಿದ ರೂಟರಿನಲ್ಲಿ ಪತ್ತೆಯಾದ ದೋಷಗಳು ಹಾಗೆಯೇ ಉಳಿಯುತ್ತವೆ. ಆಗ ಅದನ್ನು ನಡೆಸುವ ತಂತ್ರಾಂಶವನ್ನೇ, ಅಂದರೆ ಫರ್ಮ್‌ವೇರನ್ನೇ, ಬದಲಿಸಬಹುದು. 2003ರಲ್ಲಿ ಲಿಂಕ್‌ಸಿಸ್ ಸಂಸ್ಥೆಯು ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಮೂಲಸಂಕೇತವನ್ನು ಜಿಪಿಎಲ್ ಪರವಾನಗಿಯ ನಿಬಂಧನೆಯಂತೆ ಬಹಿರಂಗಪಡಿಸಿದ್ದರಿಂದ ಓಪನ್‌ಡಬ್ಲ್ಯುಆರ್‌ಟಿ ರೂಪುಗೊಂಡಿತು, ಅದು ಉಚಿತ.

ಆದರೆ ಮೊದಲು ರೂಟರಿನ ಅಡಿಯ ಲೇಬಲ್ಲಿನಲ್ಲಿ ಮಾದರಿಯೊಡನೆ ಹಾರ್ಡ್‌ವೇರ್ ಆವೃತ್ತಿಯನ್ನೂ ನೋಡತಕ್ಕದ್ದು. ಹೆಸರು ಒಂದೇ ಆದರೂ ಆವೃತ್ತಿ ಬದಲಾದಾಗ ಒಳಗಿನ ಚಿಪ್ ಬೇರೆಯಾಗಿರುವುದುಂಟು. ತಪ್ಪು ಕಡತ ಹಾಕಿದರೆ ರೂಟರು ನಿಷ್ಕ್ರಿಯವಾಗಬಹುದು. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಮಾತ್ರವಿರುವ ಹಳೆಯವಕ್ಕೆ ಈಗಿನ ಆವೃತ್ತಿ ಒದಗದು. ಲೆಕ್ಕಿಗನಾಗಿ ಹೇಳುವುದಾದರೆ, ಅಂಥವನ್ನು ಬದಲಿಸುವುದೇ ಮಿತವ್ಯಯ. ಮಾಸಿಕ ಜಿಎಸ್‌ಟಿಆರ್-3ಬಿಯ ಗಡುವಾದ 20ನೆಯ ತಾರೀಖಿನ ಮುನ್ನಾದಿನ ಮಾತ್ರ ಈ ಪ್ರಯೋಗ ಬೇಡ.