ಡೊಂಬಿವಲಿಯ ಸೆಕೆಯಿಂದ ಚಿಕ್ಕಮಗಳೂರಿನ ಚಳಿಗೆ

ಪ್ರಶ್ನೆ: ಡಿಸೆಂಬರಿನಲ್ಲಿ ಗೋಲ್ಡನ್ ಚಾರಿಯಟ್ ರೈಲಿನಲ್ಲಿ ಕರ್ನಾಟಕ ಸುತ್ತಲಿದ್ದೇವೆ. ಒಂದೇ ರಾಜ್ಯಕ್ಕೆ ಬಗೆಬಗೆಯ ಬಟ್ಟೆ ಬೇಕೇ? – ಓದುಗರು, ಡೊಂಬಿವಲಿ

ಉತ್ತರ: ಖಂಡಿತ ಬೇಕು. 2008ರಲ್ಲಿ ಆರಂಭವಾದ ಈ ಐಷಾರಾಮಿ ರೈಲಿನ ಕರ್ನಾಟಕದ ಸುತ್ತಿನಲ್ಲಿ ಬಂಡೀಪುರದ ಕಾಡು, ಚಿಕ್ಕಮಗಳೂರಿನ ಮಲೆನಾಡು, ಹಂಪಿಯ ಬಯಲು, ಗೋವೆಯ ಕಡಲು ಎಲ್ಲವೂ ವಾರದೊಳಗೆ ಎದುರಾಗುತ್ತವೆ.

ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಉಲ್ಹಾಸ್ ನದಿಯ ಖಾರಿ ಪಕ್ಕದ ನಿಮ್ಮೂರು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಚಿಕ್ಕಮಗಳೂರು ಸಾವಿರ ಮೀಟರಿಗೂ ಎತ್ತರ. ಡೊಂಬಿವಲಿಯ ಮನೆಗಳಲ್ಲಿ ಸ್ವೆಟರ್ ಅಪರೂಪ ಎಂದು ಬಲ್ಲೆ. ಆದರೂ ಒಂದು ಸ್ವೆಟರ್, ಒಂದು ಶಾಲು ಇರಲಿ. ಬಂಡೀಪುರದ ಮುಂಜಾನೆಯ ಸಫಾರಿಯಲ್ಲಿ ತೆರೆದ ಜೀಪಿನ ಗಾಳಿ ಕಿವಿ ಕೊರೆಯುತ್ತದೆ.

ಹಂಪಿಯದು ಒಣಹವೆ. ಬೆವರು ಕೂಡಲೇ ಆರುವುದರಿಂದ ಮೈ ನೀರು ಕಳೆದುಕೊಳ್ಳುವುದು ಗೊತ್ತೇ ಆಗುವುದಿಲ್ಲ. ತುಂಬು ತೋಳಿನ ತೆಳು ಹತ್ತಿಬಟ್ಟೆ, ಟೋಪಿ, ನೀರಿನ ಬಾಟಲಿ ಬೇಕೇಬೇಕು. ಹಳೇಬೀಡಿನ ದೇಗುಲದಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕು, ಮಧ್ಯಾಹ್ನದ ಕಲ್ಲು ಸುಡುತ್ತದೆ. ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ರೇಷ್ಮೆ ಸೀರೆ ಒಂದು ಸಾಕು, ರೈಲಿನ ರಾತ್ರಿಯೂಟಕ್ಕೆ.