ದಂಡದ ಕಾಗದ ಠಾಣೆಯಲ್ಲಿದೆಯೋ, ಕೋರ್ಟಿನಲ್ಲಿದೆಯೋ?



ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಟೇಕಲ್ ಹೋಬಳಿಯ ಯಾವ ಡೇರಿಯ ಮುಂದೆ ನಿಂತರೂ ಕ್ಯಾನ್ ಕಟ್ಟಿದ ಎಕ್ಸ್‌ಎಲ್ ಗಾಡಿ, ಹುಲ್ಲಿನ ಹೊರೆ ಹೇರಿದ ಬೈಕ್, ಫೀಡ್ ಮೂಟೆ ಒಯ್ಯಲು ಬಂದ ಲಗೇಜ್ ಆಟೊ ಕಾಣುತ್ತವೆ. ಹಸು ಸಾಕಿದವರಿಗೆ ಗಾಡಿ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಗಾಡಿ ಇದ್ದ ಮೇಲೆ ಎಂದಾದರೊಮ್ಮೆ ದಂಡದ ಕಾಗದವೂ ಬರುತ್ತದೆ. ಹೆಲ್ಮೆಟ್ ಹಾಕದ್ದಕ್ಕೆ ನಮ್ಮ ರಾಜ್ಯದಲ್ಲಿ 500 ರೂಪಾಯಿ. ಅದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಕಾಗದವನ್ನು ಜೇಬಿನಲ್ಲೇ ಮರೆತರೆ ಅದೇ ಮುಂದೆ ಕೋರ್ಟ್ ಕೇಸ್ ಆಗುತ್ತದೆ. ಸಮನ್ಸ್‌ಗೂ ಹೋಗದಿದ್ದರೆ ವಾರಂಟ್ ಹೊರಡುತ್ತದೆ. ಆಗ ದಂಡದ ಹಣಕ್ಕಿಂತ ಓಡಾಟದ ಖರ್ಚೇ ಹೆಚ್ಚು. ಆದ್ದರಿಂದ ಮೊದಲು ತಿಳಿಯಬೇಕಾದ ವಿಷಯ ಒಂದೇ: ನಿಮ್ಮ ಕಾಗದ ಈಗ ಎಲ್ಲಿದೆ?

ಎರಡು ಬಗೆಯ ಪ್ರಕರಣ

ಹೆಲ್ಮೆಟ್, ಸಿಗ್ನಲ್, ವಿಮೆ, ಲೈಸೆನ್ಸ್‌ನಂಥ ಹೆಚ್ಚಿನ ತಪ್ಪುಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ಅಧಿಕಾರ ಪಡೆದ ಪೊಲೀಸ್ ಅಧಿಕಾರಿಯ ಬಳಿಯೇ ದಂಡ ಕಟ್ಟಿ ಮುಗಿಸಬಹುದು. ಕುಡಿದು ಗಾಡಿ ಓಡಿಸಿದ್ದು, ಅಪ್ರಾಪ್ತರ ಕೈಗೆ ಗಾಡಿ ಕೊಟ್ಟದ್ದು ಈ ಪಟ್ಟಿಯಲ್ಲಿಲ್ಲ. ಅವು ಕೋರ್ಟಿಗೇ ಹೋಗಬೇಕು. ಸಣ್ಣ ತಪ್ಪಾದರೂ ಬಹಳ ದಿನ ಕಟ್ಟದೆ ಬಿಟ್ಟರೆ ಕೋರ್ಟಿಗೆ ಹೋಗಬಹುದು.

ಚಲನ್ ಹುಡುಕುವುದು

ಬೆಂಗಳೂರಿಗೆ ತರಕಾರಿ, ಹೂವು ಹಾಕಲು ಹೋದಾಗ ಕ್ಯಾಮೆರಾ ಫೋಟೊ ತೆಗೆದದ್ದು ನಮಗೆ ಗೊತ್ತೇ ಆಗುವುದಿಲ್ಲ. ಕೇಂದ್ರ ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ ಚಲನ್ ಸಂಖ್ಯೆ, ಗಾಡಿಯ ನಂಬರ್ ಇಲ್ಲವೇ ಲೈಸೆನ್ಸ್ ಸಂಖ್ಯೆ ಹಾಕಿ ನೋಡಬಹುದು. ಗಾಡಿಯ ನಂಬರ್ ಹಾಕುವಾಗ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಂಕೆಯೂ ಬೇಕು. ಆರ್.ಸಿ. ಜೊತೆಗಿಟ್ಟುಕೊಳ್ಳಿ. ಪಕ್ಕದ ಹೊಸೂರಿನ ಕಡೆ ಬಿದ್ದ ಚಲನ್ ಕೂಡ ಇಲ್ಲಿ ಸಿಗಬಹುದು. ಬೆಂಗಳೂರು ನಗರದ ನೋಟಿಸುಗಳನ್ನು ಅಲ್ಲಿನ ಸಂಚಾರ ಪೊಲೀಸರ ಜಾಲತಾಣದಲ್ಲಿ, ಕರ್ನಾಟಕ ಒನ್‌ನಲ್ಲಿ ನೋಡಿ ಕಟ್ಟಬಹುದು. ಫೋಟೊದಲ್ಲಿರುವುದು ನಿಮ್ಮದೇ ಗಾಡಿಯೇ ಎಂದು ಮೊದಲು ನೋಡಿ. ನಂಬರ್ ತಪ್ಪಾಗಿ ಓದಿದ್ದರೆ ಕಟ್ಟುವ ಮೊದಲೇ ದೂರು ಕೊಡಿ.

ಕೋರ್ಟಿನ ಕೇಸ್ ಹುಡುಕುವುದು

ನಮ್ಮ ಹೋಬಳಿಯ ಇಂಥ ಪ್ರಕರಣಗಳು ಸಾಮಾನ್ಯವಾಗಿ ಹೋಗುವುದು ಮಾಲೂರಿನ ಜೆ.ಎಂ.ಎಫ್.ಸಿ. ನ್ಯಾಯಾಲಯಕ್ಕೆ. ಆದರೆ ತಪ್ಪು ನಡೆದದ್ದು ಎಲ್ಲಿಯೋ ಕೇಸ್ ಅಲ್ಲಿಯದು. ಬೆಂಗಳೂರಿನಲ್ಲಿ ಹಿಡಿದಿದ್ದರೆ ಬೆಂಗಳೂರಿನ ಕೋರ್ಟಿನಲ್ಲೇ ಹುಡುಕಬೇಕು.

ಇ-ಕೋರ್ಟ್ಸ್ ಸರ್ವಿಸಸ್ ಎಂಬ ಆ್ಯಪ್ ಮತ್ತು ಜಾಲತಾಣ ಉಚಿತ. ಸಮನ್ಸ್‌ನಲ್ಲಿ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕೆಗಳ ಸಂಖ್ಯೆ ಇದ್ದರೆ ಅದನ್ನು ಹಾಕಿದರೆ ಸಾಕು. ಇಲ್ಲದಿದ್ದರೆ ಕರ್ನಾಟಕ, ಕೋಲಾರ ಜಿಲ್ಲೆ, ಮಾಲೂರು ನ್ಯಾಯಾಲಯ ಎಂದು ಆರಿಸಿ, ಕೇಸ್ ಸಂಖ್ಯೆ, ಎಫ್.ಐ.ಆರ್. ಸಂಖ್ಯೆ ಅಥವಾ ಹೆಸರು ಮತ್ತು ವರ್ಷ ಹಾಕಿ. ಹೆಸರಿನಿಂದ ಹುಡುಕುವಾಗ ಒಂದು ತೊಡಕಿದೆ. ವೆಂಕಟೇಶಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಮ್ಮೆ ಸಿಗದಿದ್ದರೆ ಕೇಸ್ ಇಲ್ಲ ಎಂದುಕೊಳ್ಳಬೇಡಿ. ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ, ಬಾಕಿ ಇರುವ ಮತ್ತು ಮುಗಿದ ಎರಡೂ ಬಗೆಯ ಕೇಸುಗಳಲ್ಲಿ ನೋಡಿ.

ಸಿಕ್ಕಿದ ಮೇಲೆ ಮೂರು ವಿಷಯ ಬರೆದುಕೊಳ್ಳಿ: ಕೇಸ್ ಸಂಖ್ಯೆ, ಮುಂದಿನ ವಾಯಿದೆ, ಈಗ ಯಾವ ಹಂತದಲ್ಲಿದೆ ಎಂಬುದು. ಫೋನ್ ಬಳಸಲು ಬಾರದವರು ಈ ವಿವರವನ್ನು ಕೋರ್ಟ್ ಕಚೇರಿಯಲ್ಲೇ ಕೇಳಬಹುದು. ಆರ್.ಸಿ., ಆಧಾರ್, ಠಾಣೆಯಲ್ಲಿ ಕೊಟ್ಟ ರಸೀದಿ ಜೊತೆಗಿರಲಿ.

ಸಮನ್ಸ್ ಬಂದರೆ

ವಾಯಿದೆಯ ದಿನ ತಪ್ಪದೆ ಹೋಗಿ. ಕರು ಹಾಕುವ ಹಸು ಬಿಟ್ಟು ಬರಲಾಗದಂಥ ತೊಂದರೆ ಇದ್ದರೆ ವಕೀಲರ ಮೂಲಕ ಅರ್ಜಿ ಹಾಕಿಸಿ. ಸುಮ್ಮನೆ ತಪ್ಪಿಸಿಕೊಳ್ಳಬೇಡಿ. ಕೆಲವು ಸಣ್ಣ ತಪ್ಪುಗಳಲ್ಲಿ ಕೋರ್ಟಿಗೆ ಬರದೆಯೇ ತಪ್ಪೊಪ್ಪಿಕೊಂಡು ದಂಡ ಕಳುಹಿಸಲು 208ನೇ ಕಲಂನಲ್ಲಿ ಅವಕಾಶವಿದೆ. ಹಾಗಿದ್ದರೆ ಸಮನ್ಸ್‌ನಲ್ಲೇ ಬರೆದಿರುತ್ತದೆ. ಪೂರ್ತಿ ಓದಿಸಿಕೊಳ್ಳಿ.

ವಾರಂಟ್ ಹೊರಟಿದೆ ಎಂದು ತಿಳಿದರೆ ಹೆದರಿ ಊರು ಬಿಡಬೇಕಿಲ್ಲ. ವಕೀಲರೊಂದಿಗೆ ನೀವೇ ಹೋಗಿ ವಾರಂಟ್ ವಾಪಸ್ ಪಡೆಯುವಂತೆ ಅರ್ಜಿ ಕೊಡಿ. ತಾವಾಗಿ ಹೋದವರ ಮಾತಿಗೆ ಬೆಲೆ ಹೆಚ್ಚು. ತಪ್ಪು ನಿಮ್ಮದಲ್ಲದಿದ್ದರೆ ಬೇಗ ಮುಗಿಯಲಿ ಎಂದು ಒಪ್ಪಿಕೊಳ್ಳಬೇಡಿ. ಒಪ್ಪಿಕೊಂಡರೆ ಅಪರಾಧಿ ಎಂದು ದಾಖಲೆಯಲ್ಲಿ ಉಳಿಯುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಇಂಥ ಸಣ್ಣ ಕೇಸುಗಳನ್ನು ಒಂದೇ ದಿನದಲ್ಲಿ ಮುಗಿಸಿಕೊಳ್ಳಬಹುದು.

ರಿಯಾಯಿತಿ ಬರಲಿ ಎಂದು ಕಾಯಬಹುದೇ?

ಬಾಕಿ ಇ-ಚಲನ್‌ಗಳಿಗೆ 2023ರ ಫೆಬ್ರವರಿಯಲ್ಲಿ ಸರ್ಕಾರ ಶೇಕಡ 50ರ ರಿಯಾಯಿತಿ ಕೊಟ್ಟಿತ್ತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟಿತು. ಅಂಥ ದಿನಗಳು ಬಂದಾಗ ಉಪಯೋಗಿಸಿಕೊಳ್ಳಿ. ಅದನ್ನೇ ನಂಬಿ ಕೂತರೆ ಅಷ್ಟರೊಳಗೆ ಸಮನ್ಸ್ ಬರಬಹುದು.

ಮಕ್ಕಳ ಕೈಗೆ ಗಾಡಿ ಬೇಡ

ಸ್ಕೂಲಿಗೆ ಹೋಗುವ ಮೊದಲು ಮಗ ಕ್ಯಾನ್ ತಗೊಂಡು ಡೇರಿಗೆ ಹೋಗಿ ಬರುವುದು ನಮ್ಮಲ್ಲಿ ಮಾಮೂಲು. 18 ತುಂಬದ ಮಕ್ಕಳು ಓಡಿಸಿ ತಪ್ಪು ಮಾಡಿದರೆ 199ಎ ಕಲಂ ಪ್ರಕಾರ ತಂದೆತಾಯಿ ಅಥವಾ ಗಾಡಿಯ ಮಾಲೀಕರೇ ಹೊಣೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, 12 ತಿಂಗಳು ಗಾಡಿಯ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿಯೊಳಗಿನ ಗಾಡಿಗೆ ಮಾತ್ರ. ಈಗಿನ ಎಕ್ಸ್‌ಎಲ್ ಸುಮಾರು 100 ಸಿಸಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಹತ್ತಿಪ್ಪತ್ತು ಲೀಟರ್ ಹಾಲು ಹಾಕುವ ಮನೆಗೆ ಇಷ್ಟು ದೊಡ್ಡ ಹೊರೆ ಬೇಕೇ?

ಮಾರಿದ ಗಾಡಿ

ಹಳೆಯ ಬೈಕ್ ಮಾರಿ ಹೆಸರು ಬದಲಾಯಿಸದೆ ಬಿಟ್ಟರೆ ಕೊಂಡವರ ತಪ್ಪಿನ ನೋಟಿಸ್ ನಿಮ್ಮ ಮನೆಗೇ ಬರುತ್ತದೆ. ಅಪಘಾತವಾದರೆ ಪರಿಹಾರದ ಹೊಣೆಯೂ ಆರ್.ಸಿ.ಯಲ್ಲಿ ಹೆಸರಿರುವವರ ಮೇಲೆ ಬರುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ಹೀಗೇ ಹೇಳಿದೆ. ಮಾರಿದ 14 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಿ, ಫಾರಂ 29 ಮತ್ತು 30ಕ್ಕೆ ಸಹಿ ಆದದ್ದನ್ನು ನೋಡಿಕೊಳ್ಳಿ.

ಮೋಸದ ಮೆಸೇಜ್

ನಿಮ್ಮ ಗಾಡಿಗೆ ಚಲನ್ ಬಿದ್ದಿದೆ, ಈ ಫೈಲ್ ತೆರೆಯಿರಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಮುಟ್ಟಬೇಡಿ. ಹೆಸರಿನ ಕೊನೆಗೆ ಎಪಿಕೆ ಎಂದಿರುವ ಫೈಲ್ ಹಾಕಿಕೊಂಡರೆ ಫೋನೇ ಕಳ್ಳರ ಕೈಗೆ ಹೋಗುತ್ತದೆ. ಹಾಲಿನ ಬಟವಾಡೆ ಬರುವ ಖಾತೆಗೂ ಅದೇ ಫೋನ್ ನಂಬರ್ ಇದೆ ಎಂಬುದು ನೆನಪಿರಲಿ. ಚಲನ್ ಇದೆಯೇ ಎಂದು ಸರ್ಕಾರಿ ಜಾಲತಾಣದಲ್ಲಿ ನೀವೇ ನೋಡಿ. ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ, ದಂಡ ಕಟ್ಟಿದ ಮೇಲೆ ರಸೀದಿ ಇಲ್ಲದೆ ಬರಬೇಡಿ. ಕೇಸ್ ಕೋರ್ಟಿಗೆ ಹೋಗಿದ್ದರೆ, ಅಲ್ಲಿ ಮುಗಿದಿದೆ ಎಂದು ದಾಖಲೆಯಲ್ಲಿ ಕಾಣುವವರೆಗೆ ಮುಗಿಯಿತು ಎಂದು ತಿಳಿಯಬೇಡಿ. ಬೇಕಿದ್ದರೆ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಹಾಲಿನ ಪಾಸ್‌ಬುಕ್, ಹಸುವಿನ ವಿಮೆ ಇಡುವ ಜಾಗದಲ್ಲೇ ಈ ಕಾಗದವನ್ನೂ ಇಡಿ.