ಬೊಮ್ಮನ ಹೆಸರು ಓದಲು ಹೀಬ್ರೂ ಯಾಕೆ ಬೇಕು?

ಹೋದ ದೀಪಾವಳಿಗೆ ಬಳಗಾನೂರಿಗೆ ಹೋದಾಗ ಅಣ್ಣನ ಮಗಳನ್ನು ಮಸ್ಕಿಯ ಅಶೋಕನ ಶಾಸನ ತೋರಿಸಲು ಕರೆದುಕೊಂಡು ಹೋಗಿದ್ದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆ ಅದು. ಅದರ ಮೇಲೆ ರಾಜನ ಹೆಸರೇ ಇದೆ ಎಂಬುದು ಶಾಸನಾಸಕ್ತರಿಗೆಲ್ಲ ಗೊತ್ತು. ಹುಡುಗಿ ಪಿಯುಸಿ ಎರಡನೇ ವರ್ಷ. ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು: “ಕಾಕಾ, ಹೊರದೇಶದಾಗ ಹೀಬ್ರೂ ಮತ್ತ ಯಹೂದಿ ಇತಿಹಾಸದ ಮ್ಯಾಲೆ ಡಿಗ್ರಿನ ಮಾಡ್ತಾರಂತ. ಅದನ್ನ ಓದಿದ್ರ ನಮ್ಮ ಶಾಸನಕ್ಕ ಏನರ ಉಪಯೋಗ ಐತೇನು?”

ರಾತ್ರಿ ಊಟಕ್ಕೆ ಕೂತಾಗ ಈ ಮಾತು ಅಣ್ಣನ ಕಿವಿಗೂ ಬಿತ್ತು. ಅವನದು ಕಾಲುವೆ ನೀರು, ಭತ್ತದ ಗದ್ದೆ, ಲೆಕ್ಕಾಚಾರದ ಬದುಕು. “ತಮ್ಮಾ, ಅದನ್ನ ಕಲ್ತು ಬಂದು ಇಲ್ಲಿ ಯಾರ ಮುಂದ ಮಾತಾಡ್ತಾಳ?” ಅಂದ. ಆವತ್ತು ಇಬ್ಬರಿಗೂ ಸರಿಯಾದ ಉತ್ತರ ಕೊಡಲಾಗಲಿಲ್ಲ. ಈಗ ಕೊಡಲು ಪ್ರಯತ್ನಿಸುತ್ತೇನೆ.

ಆ ಪದವಿಯಲ್ಲಿ ಏನಿರುತ್ತದೆ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜು, ಆಕ್ಸ್‌ಫರ್ಡ್, 1925ರಲ್ಲಿ ಆರಂಭವಾದ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ ಮುಂತಾದ ಕಡೆ ಇದು ಹಳೆಯ ವಿಷಯ. ಬೈಬಲ್ಲಿನ ಹೀಬ್ರೂ, ಇಂದಿನ ಆಡುಮಾತಿನ ಹೀಬ್ರೂ, ಜೊತೆಗೆ ಅದರ ಸೋದರ ಭಾಷೆ ಅರಾಮಿಕ್. ಪ್ರಾಚೀನ ಕಾಲದಿಂದ ಇಂದಿನವರೆಗಿನ ಯಹೂದಿ ಸಮುದಾಯಗಳ ಚರಿತ್ರೆ. ಕರ್ನಾಟಕದಲ್ಲಿ ಹೀಬ್ರೂ ಕಲಿಸುವುದು ಹೆಚ್ಚಾಗಿ ಕ್ರೈಸ್ತ ದೇವಶಾಸ್ತ್ರದ ಭಾಗವಾಗಿ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಅದಕ್ಕೊಂದು ಉದಾಹರಣೆ.

ಇದರಲ್ಲಿ ನಮ್ಮ ಭಾಗದವರಿಗೆ ಮೊದಲು ಹತ್ತಿರವಾಗುವುದು ಅರಾಮಿಕ್. ಮಸ್ಕಿಯಲ್ಲಿ ಬ್ರಾಹ್ಮಿಯಲ್ಲಿ ಬರೆಸಿದ ಅಶೋಕನೇ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ್ದಾನೆ. ಆ ದ್ವಿಭಾಷಾ ಶಾಸನ 1958ರಲ್ಲಿ ಬೆಳಕಿಗೆ ಬಂತು. ಅಷ್ಟು ದೂರ ಯಾಕೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೇ ನೋಡಿ. ಚಪಡ ಎಂಬ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬ ಒಂದೇ ಪದವನ್ನು ಬಲದಿಂದ ಎಡಕ್ಕೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯ ಮೂಲ ಅರಾಮಿಕ್ ಲಿಪಿ.

ಮಂಗಳೂರಿನ ಬೊಮ್ಮ

ಆದರೆ ನನ್ನ ಮುಖ್ಯ ಉತ್ತರ ಇರುವುದು ಕರಾವಳಿಯಲ್ಲಿ. ಟ್ಯುನೀಶಿಯಾದ ಮಹ್ದಿಯಾ ಊರಿನ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಏಡನ್ ಮೂಲಕ ಮಂಗಳೂರಿಗೆ ಬಂದು, 1130ರ ದಶಕದ ಆರಂಭದಿಂದ 1149ರವರೆಗೆ ಹೆಚ್ಚಾಗಿ ಇಲ್ಲೇ ಇದ್ದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್‌ನಿಂದ ಬಂದ ತಾಮ್ರ ಮತ್ತು ಒಡೆದ ಪಾತ್ರೆಗಳಿಂದ ಹೊಸ ಕಂಚಿನ ಸಾಮಾನು ಮಾಡಿಸುತ್ತಿದ್ದ. 1132ರ ಅಕ್ಟೋಬರ್ 17ರಂದು ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ.

ಇಷ್ಟು ವಿವರ ಉಳಿದದ್ದು ಹೇಗೆ? ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ನಾವು ಹಳೇ ತಾಳೆಗರಿಗಳನ್ನು ಹೊಳೆಗೆ ಬಿಟ್ಟ ಹಾಗೆ ಅವರು ‘ಗೆನಿಜಾ’ ಎಂಬ ಕೋಣೆಯಲ್ಲಿ ಹಾಕಿಡುತ್ತಾರೆ. ನಮ್ಮದು ನೀರುಪಾಲಾಯಿತು, ಅವರದು ಉಳಿಯಿತು. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾದಿಂದ ಸೊಲೊಮನ್ ಶೆಖ್ಟರ್ 1896-97ರಲ್ಲಿ ಕೇಂಬ್ರಿಜ್‌ಗೆ ಒಯ್ದ ತುಣುಕುಗಳೇ ಸುಮಾರು 1.9 ಲಕ್ಷ. ಬೆನ್ ಯಿಜುವಿನ ಪತ್ರಗಳೂ ಇದೇ ಗೆನಿಜಾದಲ್ಲಿದ್ದವು. ವ್ಯಾಪಾರಿಗಳ ಪತ್ರಗಳ ಭಾಷೆ ಬಹುಪಾಲು ಅರಬ್ಬಿ, ಆದರೆ ಅಕ್ಷರ ಹೀಬ್ರೂ.

1148ರಲ್ಲಿ ಏಡನ್‌ನಿಂದ ಬಂದ ಒಂದು ಪತ್ರದಲ್ಲಿ ಬೆನ್ ಯಿಜುವಿನ ಗುಲಾಮನಿಗೂ ನಮಸ್ಕಾರ ತಿಳಿಸಲಾಗಿದೆ. ಗುಲಾಮ ಎಂದರೂ ಏಡನ್‌ವರೆಗೆ ಹೋಗಿ ಒಡೆಯನ ವ್ಯವಹಾರ ನೋಡಿಕೊಂಡವನು ಅವನು. ಈ ಪತ್ರ ಮೊದಲು ಅಚ್ಚಾದದ್ದು 1942ರಲ್ಲಿ, ಜೆರುಸಲೇಮಿನ ಒಂದು ಹೀಬ್ರೂ ವಿದ್ವತ್ ಪತ್ರಿಕೆಯಲ್ಲಿ. ನಮ್ಮ ಕರಾವಳಿಯ ಒಬ್ಬ ಸಾಮಾನ್ಯ ಮನುಷ್ಯನ ಸುದ್ದಿ ನಮಗೆ ಬರುವ ಮೊದಲು ಹೀಬ್ರೂ ಓದುವವರಿಗೆ ಸಿಕ್ಕಿತ್ತು.

ಇನ್ನು ಅವನ ಹೆಸರು. ಹೀಬ್ರೂ ಲಿಪಿಯಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ. ನಮ್ಮ ಕಾಗುಣಿತದ ಹಾಗೆ ಪ್ರತಿ ಸ್ವರಕ್ಕೂ ಗುರುತಿಲ್ಲ, ಒತ್ತಕ್ಷರವೂ ಕಾಣುವುದಿಲ್ಲ. ಹಾಗಾಗಿ ಕಾಗದದಲ್ಲಿ ಇರುವುದು ಬ, ಮ, ಕೊನೆಗೊಂದು ಸ್ವರಸೂಚಕ, ಅಷ್ಟೇ. ಬಾಮ, ಬಮ್ಮ, ಬೊಮ್ಮ, ಭೀಮ ಯಾವುದಾದರೂ ಆಗಬಹುದು. ಹೊರಗಿನ ವಿದ್ವಾಂಸರು ‘ಬಾಮ’ ಎಂದು ಓದಿದರು. ಇದೇ ಗುಲಾಮನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದಾಗ, ಇದು ‘ಬೊಮ್ಮ’ ಆಗಿರಬೇಕು ಎಂದು ದಾರಿ ತೋರಿಸಿದವರು ಬಿ. ಎ. ವಿವೇಕ ರೈ. ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ 1992ರಲ್ಲಿ ಬಂತು. 12ನೇ ಶತಮಾನದ ನಮ್ಮ ಶಾಸನಗಳನ್ನು ಓದಿದವರಿಗೆ ಬಮ್ಮಯ್ಯ, ಬೊಮ್ಮರಸ, ಬಮ್ಮಿಸೆಟ್ಟಿ ಎಲ್ಲರೂ ಪರಿಚಿತರೇ ಅಲ್ಲವೇ?

ನನ್ನ ವಾದ ಇಷ್ಟೇ. ಆ ಕಾಗದದ ವ್ಯಂಜನ ಓದಲು ಹೀಬ್ರೂ ಬೇಕು, ಸ್ವರ ತುಂಬಲು ನಮ್ಮ ನೆಲದ ಹೆಸರುಗಳು ಗೊತ್ತಿರಬೇಕು. ಬೊಮ್ಮನ ವಿಷಯದಲ್ಲಿ ಈ ಎರಡು ತಿಳಿವಳಿಕೆಗಳು ಭೇಟಿಯಾಗಲು 1942ರಿಂದ ಸುಮಾರು ಅರ್ಧ ಶತಮಾನ ಹಿಡಿಯಿತು. ಎರಡೂ ಒಬ್ಬರಲ್ಲೇ ಇದ್ದಿದ್ದರೆ?

ಬೊಮ್ಮನದೊಂದೇ ಪ್ರಕರಣವಲ್ಲ. ಕ್ರಿ.ಶ. 849ರ ಕೊಲ್ಲಂ ತಾಮ್ರಪಟಗಳ ಕೊನೆಯಲ್ಲಿ ಅರಬ್ಬಿ ಮತ್ತು ಪಹ್ಲವಿ ಸಹಿಗಳ ಜೊತೆ ಹೀಬ್ರೂ ಅಕ್ಷರದಲ್ಲಿ ಬರೆದ ಪರ್ಷಿಯನ್ ಸಹಿಗಳೂ ಇವೆ. ಪಶ್ಚಿಮ ಕರಾವಳಿಯ ಇತಿಹಾಸ ಒಂದೇ ಲಿಪಿಯವರಿಗೆ ದಕ್ಕುವಂಥದ್ದಲ್ಲ.

ಹಾಗಾದರೆ ಏನು ಮಾಡಬೇಕು?

ಅಣ್ಣನ ಪ್ರಶ್ನೆ ಸುಳ್ಳಲ್ಲ. ಹೊರದೇಶದ ಫೀಸು ಭತ್ತದ ದುಡ್ಡಿನಲ್ಲಿ ಹುಟ್ಟುವುದು ಕಷ್ಟ, ಓದಿದ ಮೇಲೆ ನೌಕರಿಯ ಖಾತ್ರಿಯೂ ಇಲ್ಲ. ಅದಕ್ಕೆ ಹುಡುಗಿಗೆ ಹೇಳಿದ್ದು ಹೀಗೆ: ಮೊದಲು ಇಲ್ಲೇ ಇತಿಹಾಸ ಮತ್ತು ಕನ್ನಡದಲ್ಲಿ ಬಿಎ ಮಾಡು, ಹಳಗನ್ನಡ ಗಟ್ಟಿ ಮಾಡಿಕೋ. ಜೊತೆಗೆ ಹೀಬ್ರೂ ಅಕ್ಷರ ತಿದ್ದು. ಕೇಂಬ್ರಿಜ್ ಡಿಜಿಟಲ್ ಲೈಬ್ರರಿಯಲ್ಲಿ ಗೆನಿಜಾ ತುಣುಕುಗಳ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್‌ನಲ್ಲಿ ಅನೇಕ ದಾಖಲೆಗಳ ಪಾಠವೂ ಇದೆ. ಆಮೇಲೂ ಆಸೆ ಉಳಿದರೆ ವಿದ್ಯಾರ್ಥಿವೇತನ ಹುಡುಕೋಣ.

ಹದಿನೈದು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ನೋಟ್‌ಬುಕ್ ಹಾಳೆಯಲ್ಲಿ ಬಲದಿಂದ ಎಡಕ್ಕೆ 22 ಅಕ್ಷರ, ಸ್ವಲ್ಪ ಸೊಟ್ಟ. ಕೆಳಗೆ ಒಂದು ಪ್ರಶ್ನೆ: “ಕಾಕಾ, ಈ ಲಿಪಿದಾಗ ‘ಚ’ ಅಕ್ಷರಾನ ಇಲ್ಲಲ್ಲ. ಹಂಗಾದ್ರ ಅಶು ಅನ್ನಾಕಿ ನಮ್ಮ ಕಡೆ ಬಾಯಾಗ ‘ಅಚ್ಚು’ ಆಗಿರಬಹುದೇನು?”

ದಕ್ಷಿಣ ಭಾರತದ ಶಾಸನಗಳ ಏಳನೇ ಸಂಪುಟ ತೆಗೆದು, ಆಳುಪರ ಕಾಲದ ಶಾಸನಗಳಲ್ಲಿ ಬರುವ ಹೆಂಗಸರ ಹೆಸರೆಲ್ಲ ಪಟ್ಟಿ ಮಾಡು ಅಂತ ಬರೆದೆ. ಪಟ್ಟಿ ಶುರುವಾಗಿದೆ. ಅಣ್ಣನಿಗೂ ಫೋಟೋ ತೋರಿಸಿದ್ದಾಳಂತೆ.